ಒಂದು ಗ್ರಾಂ, ಮೂರು ಉತ್ತರ: ಉಡುಪಿ ಕಡೆಯ ಒಬ್ಬ ಪಿಯು ವಿದ್ಯಾರ್ಥಿನಿಯ ಪ್ರಕರಣ

ಇದು ಭೌತಶಾಸ್ತ್ರದ ಎರಡೇ ಸಾಲಿನ ಒಂದು ಲೆಕ್ಕದ ಕತೆ. ವಿದ್ಯಾರ್ಥಿನಿಯ ಹೆಸರು, ಕಾಲೇಜು, ಊರು ಇಲ್ಲಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಾಯಿಸಿದ್ದೇನೆ. ಲೆಕ್ಕಗಳು ಮಾತ್ರ ಅವಳು ಬರೆದ ಹಾಗೇ ಇವೆ. ಪಿಯುಸಿಗೆ ಪಾಠ ಮಾಡುವವರಿಗೆ, ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವವರಿಗೆ ಉಪಯೋಗ ಆದೀತು.

ಹಿನ್ನೆಲೆ

ಹುಡುಗಿ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಆಮೇಲೆ ಸೈನ್ಸ್, ಇಂಗ್ಲಿಷ್ ಮಾಧ್ಯಮ. ಕರಾವಳಿಯಲ್ಲಿ ಇಂಥ ಮಕ್ಕಳು ತುಂಬಾ ಜನ. ಮೊದಲ ವರ್ಷ ಒದ್ದಾಡಿದರೂ ಎರಡನೇ ವರ್ಷಕ್ಕೆ ಚೆನ್ನಾಗಿಯೇ ಹೊಂದಿಕೊಂಡಿದ್ದಳು. ಸಿಇಟಿ, ನೀಟ್ ಎರಡನ್ನೂ ಬರೆಯಬೇಕು ಅಂತ ಇತ್ತು. ನನ್ನ ಹತ್ತಿರ ಸಂಜೆ ಟ್ಯೂಶನ್‌ಗೆ ಬರುತ್ತಿದ್ದಳು, ಭೌತಶಾಸ್ತ್ರಕ್ಕೆ ಮಾತ್ರ.

ನ್ಯೂಕ್ಲಿಯಸ್ ಪಾಠದಲ್ಲಿ ಎಲ್ಲರಿಗೂ ಸಿಗುವ ಪ್ರಶ್ನೆ ಒಂದಿದೆ: 1 ಗ್ರಾಂ ವಸ್ತುವಿಗೆ ಸಮನಾದ ಶಕ್ತಿ ಎಷ್ಟು? ಸೂತ್ರ ಇ = ಎಂಸಿ². ಇಲ್ಲಿ ಎಂ ಅಂದರೆ ದ್ರವ್ಯರಾಶಿ, ಕಿಲೋಗ್ರಾಂನಲ್ಲಿ. ಸಿ ಅಂದರೆ ಬೆಳಕಿನ ವೇಗ, ಸೆಕೆಂಡಿಗೆ ಸುಮಾರು 3×10⁸ ಮೀಟರ್. 10⁻³ ಕಿಲೋಗ್ರಾಂ ಗುಣಿಸು 9×10¹⁶. ಉತ್ತರ 9×10¹³ ಜೂಲ್. ಇದರಲ್ಲಿ ತಪ್ಪಲು ಎಂತ ಉಂಟು ಅಂತ ಪಾಠ ಮಾಡುವವರಿಗೆ ಅನಿಸುತ್ತದೆ.

ಸಮಸ್ಯೆ

ಅವಳ ಹತ್ತಿರ ಇದೇ ಪ್ರಶ್ನೆಗೆ ಮೂರು ಉತ್ತರ ಇದ್ದವು. ಕಾಲೇಜಿನ ಟೆಸ್ಟಿನಲ್ಲಿ 9×10¹⁶ ಜೂಲ್ ಅಂತ ಬರೆದಿದ್ದಳು. ಪಠ್ಯಪುಸ್ತಕ ನೋಡಿ ನೋಟ್ಸಿನಲ್ಲಿ 9×10¹³ ಅಂತ ತಿದ್ದಿಕೊಂಡಿದ್ದಳು. ಮನೆಯಲ್ಲಿ ಸೋದರಮಾವನ ಕಾಲದ ಹಳೇ ಗೈಡ್ ಒಂದಿತ್ತು. ಅದರಲ್ಲಿ 9×10²⁰ ಅಂತ ಇತ್ತು. ಅದನ್ನೂ ನೋಟ್ಸಿನ ಅಂಚಿನಲ್ಲಿ ಬರೆದು, ಮುಂದೆ ಜೂಲ್ ಅಂತ ಸೇರಿಸಿದ್ದಳು.

"ಮೂರರಲ್ಲೂ 9 ಉಂಟಲ್ಲ ಸರ್, ಹಾಗಾಗಿ ಸರಿ ಅಂತ ಅಂದ್ಕೊಂಡೆ" ಅಂದಳು.

ತಮಾಷೆಯ ಮಾತಲ್ಲ ಇದು. ಮುಂದಿರುವ 9 ಯಾವಾಗಲೂ ಸರಿಯಾಗಿಯೇ ಬರುತ್ತದೆ, ಅದೇ ಅವಳಿಗೆ ಧೈರ್ಯ ಕೊಟ್ಟಿತ್ತು. ಜಗಳ ಇರುವುದು 10ರ ತಲೆಯ ಮೇಲಿನ ಸಣ್ಣ ಅಂಕಿಯಲ್ಲಿ. 13ಕ್ಕೂ 16ಕ್ಕೂ ಸಾವಿರ ಪಟ್ಟು ವ್ಯತ್ಯಾಸ. 13ಕ್ಕೂ 20ಕ್ಕೂ ಒಂದು ಕೋಟಿ ಪಟ್ಟು. ಮೀನು ಮಾರ್ಕೆಟ್ಟಿನಲ್ಲಿ ಹತ್ತು ರೂಪಾಯಿ ಹೆಚ್ಚು ಹೇಳಿದರೂ ಬಿಡದ ಹುಡುಗಿ, ಇಲ್ಲಿ ಒಂದು ಕೋಟಿ ಪಟ್ಟನ್ನು ಸುಮ್ನೆ ದಾಟಿ ಹೋಗಿದ್ದಳು.

ಸಿಇಟಿ ಥರದ ಪರೀಕ್ಷೆಯಲ್ಲಿ ಇದು ಇನ್ನೂ ಅಪಾಯ. ನಾಲ್ಕು ಆಯ್ಕೆಗಳಲ್ಲಿ ಇಂಥ ತಪ್ಪು ಉತ್ತರಗಳೇ ಕಾದು ಕೂತಿರುತ್ತವೆ. ತಾನು ಬರೆದ ಉತ್ತರ ಆಯ್ಕೆಯಲ್ಲಿ ಸಿಕ್ಕಿತು ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ.

ಕಾಲೇಜಿನಲ್ಲಿ ಎರಡು ಕಾರಣ ಹೇಳಿದ್ದರು. ಒಬ್ಬರು, ಕನ್ನಡ ಮಾಧ್ಯಮದಿಂದ ಬಂದವಳು, ಪ್ರಶ್ನೆ ಅರ್ಥವಾಗಿಲ್ಲ ಅಂದರು. ಇನ್ನೊಬ್ಬರು ಮ್ಯಾಥ್ಸ್ ವೀಕ್ ಅಂದರು. ಎರಡನ್ನೂ ಪರೀಕ್ಷಿಸಿ ನೋಡುವುದು ಸುಲಭವಿತ್ತು. ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿದೆ, ಮತ್ತೆ 9×10¹⁶ ಬಂತು. ಭೌತಶಾಸ್ತ್ರ ಬಿಟ್ಟು ಬರೀ ಘಾತಗಳ ಲೆಕ್ಕ ಕೊಟ್ಟೆ: (3×10⁸)² ಎಷ್ಟು, 10⁻³×10¹⁶ ಎಷ್ಟು. ಎಲ್ಲವೂ ಸರಿ, ಅದೂ ಫಟಾಫಟ್. ಭಾಷೆಯೂ ಕಾರಣವಲ್ಲ, ಗಣಿತವೂ ಅಲ್ಲ. ಗ್ರಾಂ ಅನ್ನು ಕಿಲೋಗ್ರಾಂ ಮಾಡದೆ ಎಂ ಜಾಗದಲ್ಲಿ 1 ಅಂತಲೇ ಹಾಕುತ್ತಿದ್ದಳು.

ಮೊದಲ ಪ್ರಯತ್ನ

ಸೂತ್ರಕ್ಕೆ ಅಂಕಿ ಹಾಕುವ ಮೊದಲು ಎಂ ಪಕ್ಕದಲ್ಲಿ ಕಿಲೋಗ್ರಾಂ ಅಂತ ಬರೆಯಲೇಬೇಕು ಅಂತ ನಿಯಮ ಮಾಡಿದೆವು. ಗ್ರಾಂ ಇದ್ದರೆ 10⁻³ರಿಂದ ಗುಣಿಸು. ಎಲ್ಲ ಟ್ಯೂಶನ್‌ಗಳಲ್ಲೂ ಹೇಳಿಕೊಡುವ ದಾರಿ ಇದೇ. ಕೆಲವು ದಿನ ಚೆನ್ನಾಗಿ ನಡೆಯಿತು.

ಆಮೇಲೆ 1 ಮಿಲಿಗ್ರಾಂ ಕೊಟ್ಟೆ. ಮತ್ತೆ 9×10¹³ ಬರೆದಳು. ಸರಿ ಉತ್ತರ 9×10¹⁰. ಮಿಲಿಗ್ರಾಂಗೂ ಅದೇ 10⁻³ ಹಾಕಿ ಕೂತಿದ್ದಳು. ಅದರ ಮುಂದಿನದು 1 ಪರಮಾಣು ದ್ರವ್ಯರಾಶಿ ಮಾನ, ಅಂದರೆ 1.66×10⁻²⁷ ಕಿಲೋಗ್ರಾಂ. ಪ್ರಶ್ನೆಯಲ್ಲೇ ಕಿಲೋಗ್ರಾಂ ಅಂತ ಇತ್ತು. ಅದನ್ನೂ ಮತ್ತೊಮ್ಮೆ 10⁻³ರಿಂದ ಗುಣಿಸಿದಳು!

ಇಲ್ಲಿ ಒಂದು ತೀರ್ಮಾನ ತೆಗೆದುಕೊಳ್ಳಬೇಕಾಯಿತು. ನಿಯಮವನ್ನು ಇನ್ನೂ ಬಿಗಿ ಮಾಡಿ, ಗ್ರಾಂಗೆ ಒಂದು, ಮಿಲಿಗ್ರಾಂಗೆ ಒಂದು ಅಂತ ಪಟ್ಟಿ ಕೊಡಬಹುದಿತ್ತು. ಪರೀಕ್ಷೆ ಹತ್ತಿರ ಇದ್ದದ್ದರಿಂದ ಮನೆಯವರಿಗೂ ಅದೇ ಬೇಕಿತ್ತು. ನಾನು ನಿಯಮವನ್ನೇ ಕೈಬಿಟ್ಟೆ. ಅವಳಿಗೆ 10⁻³ ಒಂದು ಮಂತ್ರವಾಗಿತ್ತು, ಎಂ ಕಂಡಲ್ಲೆಲ್ಲ ಹೇಳುವುದು. ಇನ್ನೆರಡು ಮಂತ್ರ ಕೊಟ್ಟರೆ ಗೊಂದಲ ಜಾಸ್ತಿಯಾಗುತ್ತಿತ್ತು ಅಷ್ಟೆ. ಉತ್ತರ ಎಷ್ಟು ದೊಡ್ಡದು ಅನ್ನುವ ಅಂದಾಜೇ ಇಲ್ಲದವರಿಗೆ ತಪ್ಪು ಉತ್ತರ ತಪ್ಪಾಗಿ ಕಾಣುವುದಿಲ್ಲ.

ಎರಡನೇ ಪ್ರಯತ್ನ: ಕರೆಂಟ್ ಬಿಲ್ಲಿನ ಯೂನಿಟ್

ಮೆಸ್ಕಾಂ ಬಿಲ್ ತರಲು ಹೇಳಿದೆ. 1 ಯೂನಿಟ್ ಅಂದರೆ 1 ಕಿಲೋವ್ಯಾಟ್ ಗಂಟೆ. 1000 ವ್ಯಾಟ್ ಗುಣಿಸು 3600 ಸೆಕೆಂಡ್, 36 ಲಕ್ಷ ಜೂಲ್. ಮೂರು ಉತ್ತರಗಳನ್ನೂ 36 ಲಕ್ಷದಿಂದ ಭಾಗಿಸಲು ಹೇಳಿದೆ.

9×10¹³ ಜೂಲ್ ಅಂದರೆ ಎರಡೂವರೆ ಕೋಟಿ ಯೂನಿಟ್. ತಿಂಗಳಿಗೆ 100 ಯೂನಿಟ್ ಬಳಸುವ ಎರಡೂವರೆ ಲಕ್ಷ ಮನೆಗಳಿಗೆ ಒಂದು ತಿಂಗಳ ಕರೆಂಟ್. 9×10¹⁶ ಆದರೆ ಅಂಥ 25 ಕೋಟಿ ಮನೆ. 9×10²⁰ ಆದರೆ 250 ಲಕ್ಷ ಕೋಟಿ ಯೂನಿಟ್. ಇಡೀ ಭಾರತದಲ್ಲಿ ಈಗ ವರ್ಷಕ್ಕೆ ಉತ್ಪಾದನೆಯಾಗುವುದು ಹೆಚ್ಚುಕಡಿಮೆ 1.8 ಲಕ್ಷ ಕೋಟಿ ಯೂನಿಟ್. ಅಂದರೆ ದೇಶಕ್ಕೆ ನೂರು ವರ್ಷಕ್ಕೂ ಜಾಸ್ತಿ ಸಾಕು, ಒಂದೇ ಗ್ರಾಂನಲ್ಲಿ.

ಆಗ ಮೊದಲ ಸಲ ಅವಳು ಪೆನ್ ಕೆಳಗಿಟ್ಟಳು. "ಇದೆಂತ ಸರ್, ಇಷ್ಟೊಂದಾ?"

ಊರಿನ ಇನ್ನೊಂದು ಅಳತೆಯನ್ನೂ ತೆಗೆದುಕೊಂಡೆವು. ಪಡುಬಿದ್ರಿ ಹತ್ತಿರ ಎಲ್ಲೂರಿನಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಇದೆ. 600 ಮೆಗಾವ್ಯಾಟ್‌ನ ಎರಡು ಘಟಕ, ಒಟ್ಟು 1200 ಮೆಗಾವ್ಯಾಟ್. ಎರಡೂ ಪೂರ್ತಿ ಓಡಿದರೆ 9×10¹³ ಜೂಲ್ ವಿದ್ಯುತ್ ಕೊಡಲು 75,000 ಸೆಕೆಂಡ್ ಬೇಕು. ಹತ್ತಿರ ಹತ್ತಿರ 21 ಗಂಟೆ. 9×10¹⁶ ಆದರೆ ಎರಡು ವರ್ಷ ದಾಟುತ್ತದೆ.

ಒಂದು ಮಾತು ಇಲ್ಲಿ ಹೇಳಬೇಕು. ಕರೆಂಟ್ ಬಿಲ್ಲು ಉತ್ತರದ ಗಾತ್ರವನ್ನು ತೋರಿಸುತ್ತದೆ, ಉತ್ತರ ಸರಿಯೇ ಅಂತ ಹೇಳುವುದಿಲ್ಲ. ಎರಡೂವರೆ ಲಕ್ಷ ಮನೆ ಸರಿ, 25 ಕೋಟಿ ಮನೆ ತಪ್ಪು ಅಂತ ಹೇಗೆ ಗೊತ್ತಾಗಬೇಕು? ಹುಡುಗಿ ಇದನ್ನೇ ಕೇಳಿದಳು. ಒಳ್ಳೆ ಪ್ರಶ್ನೆ. ಸೂತ್ರದ ಹೊರಗಿನಿಂದ ಬಂದ ಒಂದು ಗುರುತುಕಂಬ ಬೇಕು. 1945ರಲ್ಲಿ ಹಿರೋಶಿಮಾ ಮೇಲೆ ಬಿದ್ದ ಬಾಂಬಿನ ಬಲ ಸುಮಾರು 15 ಕಿಲೋಟನ್. 1 ಕಿಲೋಟನ್ ಅಂದರೆ ಸಾವಿರ ಟನ್ ಟಿಎನ್‌ಟಿ ಸ್ಫೋಟಕದ ಶಕ್ತಿ, 4.18×10¹² ಜೂಲ್. ಗುಣಿಸಿದರೆ 6.3×10¹³ ಜೂಲ್. ಇದನ್ನು ಸಿ²ನಿಂದ ಭಾಗಿಸಿದರೆ ಸಿಗುವುದು 0.7 ಗ್ರಾಂ. ಒಂದು ಊರನ್ನು ಸುಟ್ಟದ್ದು ಒಂದು ಗ್ರಾಂಗಿಂತ ಕಡಿಮೆ ದ್ರವ್ಯರಾಶಿ. ಈ ಅಂಕಿ ನೆನಪಿದ್ದರೆ ಸಾಕು. 1 ಗ್ರಾಂಗೆ 10¹³ರ ಆಸುಪಾಸು ಬಿಟ್ಟು ಬೇರೆ ಏನು ಬಂದರೂ ಕೈ ತಡೆಯುತ್ತದೆ.

ಮಾವನ ಗೈಡ್

9×10²⁰ ಎಲ್ಲಿಂದ ಬಂತು ಅನ್ನುವುದು ಉಳಿದಿತ್ತು. ಗೈಡ್ ತಪ್ಪು, ಬಿಸಾಡು ಅಂತ ಹೇಳಿದರೆ ಮುಗಿಯುತ್ತಿತ್ತು. ಆದರೆ ಅಚ್ಚಾದದ್ದು ಸುಳ್ಳು ಅಂತ ಅವಳು ಸುಲಭಕ್ಕೆ ಒಪ್ಪುವವಳಲ್ಲ. ಗೈಡನ್ನೇ ತರಿಸಿ ನೋಡಿದೆವು. ಅದರಲ್ಲಿ ಬೆಳಕಿನ ವೇಗ 3×10¹⁰ ಅಂತ ಇತ್ತು, ಸೆಕೆಂಡಿಗೆ ಸೆಂಟಿಮೀಟರ್‌ನಲ್ಲಿ. ದ್ರವ್ಯರಾಶಿ ಗ್ರಾಂನಲ್ಲಿ. ಶಕ್ತಿ ಎರ್ಗ್‌ನಲ್ಲಿ. 1 ಜೂಲ್ ಅಂದರೆ 10⁷ ಎರ್ಗ್. 9×10²⁰ ಎರ್ಗನ್ನು 10⁷ರಿಂದ ಭಾಗಿಸಿದರೆ 9×10¹³ ಜೂಲ್.

ಗೈಡೂ ಸರಿ, ಪಠ್ಯಪುಸ್ತಕವೂ ಸರಿ! ತಪ್ಪಾದದ್ದು ಅವಳೇ ಸೇರಿಸಿದ ಜೂಲ್ ಅನ್ನುವ ಒಂದು ಪದ ಮಾತ್ರ.

ಇದಕ್ಕೊಂದು ಚೆಂದದ ಹಿನ್ನೆಲೆಯೂ ಇದೆ. ಐನ್‌ಸ್ಟೈನ್ 1905ರ ಸೆಪ್ಟೆಂಬರ್‌ನಲ್ಲಿ ಬರೆದ ಮೂರು ಪುಟದ ಲೇಖನದಲ್ಲಿ ಇ = ಎಂಸಿ² ಅನ್ನುವ ರೂಪ ಇಲ್ಲವೇ ಇಲ್ಲ. ವಸ್ತುವೊಂದು ಶಕ್ತಿಯನ್ನು ಹೊರಗೆ ಬಿಟ್ಟರೆ ಅದರ ದ್ರವ್ಯರಾಶಿ ಇಷ್ಟು ಕಡಿಮೆಯಾಗುತ್ತದೆ ಅಂತ ಇದೆ. ಎಷ್ಟು ಅಂದರೆ, ಶಕ್ತಿಯನ್ನು 9×10²⁰ರಿಂದ ಭಾಗಿಸಿದಷ್ಟು. ಶಕ್ತಿ ಎರ್ಗ್‌ನಲ್ಲಿ, ದ್ರವ್ಯರಾಶಿ ಗ್ರಾಂನಲ್ಲಿ ಅಂತ ಪಕ್ಕದಲ್ಲೇ ಹೇಳಿದ್ದಾರೆ. ಮಾವನ ಗೈಡಿನ ಅಂಕಿಯೇ ಅದು. ಹುಡುಗಿಗೆ ಇದು ಎಷ್ಟು ಖುಷಿ ಕೊಟ್ಟಿತು ಅಂದರೆ, ಆ ದಿನದಿಂದ ಅಂಕಿಯ ಮುಂದೆ ಮಾನ ಬರೆಯದೆ ಬಿಟ್ಟದ್ದು ನಾನು ನೋಡಿಲ್ಲ. ಬೈದು ಬರದೇ ಇದ್ದ ಅಭ್ಯಾಸ ಹೀಗೆ ಬಂತು.

ಸರಿ ಉತ್ತರದ ಹಿಂದಿನ ತಪ್ಪು

ಈಗ ಗ್ರಾಂ, ಮಿಲಿಗ್ರಾಂ ಏನು ಕೊಟ್ಟರೂ ಸರಿ ಬರುತ್ತಿತ್ತು. ಇಲ್ಲಿಗೆ ನಿಲ್ಲಿಸಬಹುದಿತ್ತು. ಪರೀಕ್ಷೆಗೆ ಬೇಕಾದದ್ದು ಆಗಿತ್ತು. ಆದರೆ ಅವಳೇ ಒಂದು ಮಾತು ಎತ್ತಿದಳು: "ಹಾಗಾದ್ರೆ ಕೈಗಾದಲ್ಲಿ ದಿನಕ್ಕೆ ಒಂದು ಗ್ರಾಂ ಯುರೇನಿಯಂ ಸಾಕಲ್ವಾ ಸರ್?"

ಈ ಪ್ರಕರಣದ ನಿಜವಾದ ತಿರುವು ಇದು. ಲೆಕ್ಕ ಸರಿಯಿದ್ದೂ ಮೂಲ ವಿಷಯ ತಲೆಕೆಳಗಾಗಿತ್ತು. 1 ಗ್ರಾಂ ವಸ್ತುವಿಗೆ ಸಮನಾದ ಶಕ್ತಿ ಅಂದರೆ, 1 ಗ್ರಾಂ ಇಂಧನ ಹಾಕಿದರೆ ಸಿಗುವ ಶಕ್ತಿ ಅಂತ ಅವಳು ತಿಳಿದಿದ್ದಳು. ಪಾಠದಲ್ಲಿ ಇದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ಹೇಳದಿದ್ದರೂ ಅಂಕ ಬರುತ್ತದೆ, ಅದೇ ತೊಂದರೆ.

ಕೈಗಾದ ಲೆಕ್ಕವನ್ನೇ ಮಾಡಿದೆವು. ಅಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ರಿಯಾಕ್ಟರ್, ಒಟ್ಟು 880 ಮೆಗಾವ್ಯಾಟ್. ಇದು ವಿದ್ಯುತ್. ರಿಯಾಕ್ಟರ್ ಒಳಗಿನ ಶಾಖದಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಮಾತ್ರ ವಿದ್ಯುತ್ತಾಗುತ್ತದೆ. ಹಾಗಾಗಿ ಪೂರ್ತಿ ಓಡಿದ ಒಂದು ದಿನದ ಶಾಖ ಸುಮಾರು 2.6×10¹⁴ ಜೂಲ್. ಸಿ²ನಿಂದ ಭಾಗಿಸಿದರೆ 3 ಗ್ರಾಂ. ದಿನಕ್ಕೆ ನಿಜವಾಗಿ ಕಡಿಮೆಯಾಗುವ ದ್ರವ್ಯರಾಶಿ ಅಷ್ಟೇ.

ಇನ್ನೊಂದು ಕಡೆಯಿಂದ ನೋಡಿದೆವು. ಯುರೇನಿಯಂ-235ರ ಒಂದು ನ್ಯೂಕ್ಲಿಯಸ್ ಒಡೆದರೆ ಸಿಗುವುದು ಸುಮಾರು 200 ಮೆಗಾ ಎಲೆಕ್ಟ್ರಾನ್ ವೋಲ್ಟ್, ಮಕ್ಕಳ ಬಾಯಲ್ಲಿ ಎಂಇವಿ. ಇದು ಶಕ್ತಿಯ ಪುಟ್ಟ ಮಾನ, 1 ಎಂಇವಿ ಅಂದರೆ 1.6×10⁻¹³ ಜೂಲ್. 1 ಗ್ರಾಂನಲ್ಲಿ ಇರುವ ಎಲ್ಲ ನ್ಯೂಕ್ಲಿಯಸ್ ಒಡೆದರೂ 8.2×10¹⁰ ಜೂಲ್. 9×10¹³ರ ಹತ್ತಿರಕ್ಕೂ ಬರುವುದಿಲ್ಲ, ಅದರ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ. 2.6×10¹⁴ ಜೂಲ್ ಬೇಕಾದರೆ ಒಡೆಯಬೇಕಾದದ್ದು 3 ಕಿಲೋಗ್ರಾಂಗಿಂತ ಸ್ವಲ್ಪ ಹೆಚ್ಚು.

3 ಕಿಲೋ ಒಡೆಯುತ್ತದೆ, 3 ಗ್ರಾಂ ಕಡಿಮೆಯಾಗುತ್ತದೆ. ಉಳಿದದ್ದೆಲ್ಲ ಅಲ್ಲೇ ಇರುತ್ತದೆ, ಒಡೆದ ಚೂರುಗಳಾಗಿ. ಹಾಕಬೇಕಾದ ಇಂಧನವಂತೂ ಇದಕ್ಕಿಂತ ಎಷ್ಟೋ ಹೆಚ್ಚು. ಕೈಗಾದಲ್ಲಿ ಬಳಸುವುದು ನೈಸರ್ಗಿಕ ಯುರೇನಿಯಂ, ಅದರಲ್ಲಿ 235 ಇರುವುದು 0.7 ಶೇಕಡಾ ಮಾತ್ರ.

ಇಷ್ಟಾದ ಮೇಲೆ ಸೂತ್ರದ ಎಂ ಅವಳಿಗೆ ಬೇರೆಯಾಗಿ ಕಾಣತೊಡಗಿತು. ಇಡೀ ವಸ್ತುವಿನ ದ್ರವ್ಯರಾಶಿಯಾ, ಕಡಿಮೆಯಾದ ದ್ರವ್ಯರಾಶಿಯಾ? ಅವಳು ಈಗ ಲೆಕ್ಕದ ಮೊದಲು ಕೇಳುವ ಪ್ರಶ್ನೆ ಇದೇ. ನನ್ನ ಅಭಿಪ್ರಾಯದಲ್ಲಿ ಈ ಪಾಠದಲ್ಲಿ ಸಿ² ಯಾವತ್ತೂ ಕಷ್ಟವಲ್ಲ. ಎಂ ಕಷ್ಟ. ಅದರ ಮಾನ ಯಾವುದು, ಅದು ಯಾವುದರ ದ್ರವ್ಯರಾಶಿ, ಎಷ್ಟು ದಶಮಾಂಶದವರೆಗೆ ಬೇಕು. ಮೂರೂ ಎಂನ ಪ್ರಶ್ನೆಗಳೇ.

ದಶಮಾಂಶದ ಕತೆ ಲಿಥಿಯಂ ಲೆಕ್ಕದಲ್ಲಿ ಬಂತು. 1932ರಲ್ಲಿ ಕೇಂಬ್ರಿಜ್‌ನಲ್ಲಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಲಿಥಿಯಂ-7ಕ್ಕೆ ಪ್ರೋಟಾನ್ ಹೊಡೆಸಿ ಎರಡು ಹೀಲಿಯಂ ನ್ಯೂಕ್ಲಿಯಸ್ ಮಾಡಿದರು. ಪರಮಾಣು ದ್ರವ್ಯರಾಶಿ ಮಾನದಲ್ಲಿ ಲಿಥಿಯಂ 7.016003, ಹೈಡ್ರೋಜನ್ 1.007825, ಹೀಲಿಯಂ 4.002603. ಮೊದಲ ಎರಡನ್ನು ಕೂಡಿಸಿ ಎರಡು ಹೀಲಿಯಂ ಕಳೆದರೆ 0.018622 ಮಾನ. 1 ಮಾನಕ್ಕೆ ಸಮನಾದ ಶಕ್ತಿ 931.5 ಎಂಇವಿ, ಅದರಿಂದ ಗುಣಿಸಿದರೆ 17.3 ಎಂಇವಿ. ಇವಳು ಎಲ್ಲವನ್ನೂ ಮೊದಲೇ ಎರಡು ದಶಮಾಂಶಕ್ಕೆ ಇಳಿಸಿದಳು: 7.02, 1.01, 4.00. ವ್ಯತ್ಯಾಸ 0.03, ಉತ್ತರ 28 ಎಂಇವಿ. ಕೆಮಿಸ್ಟ್ರಿಯಲ್ಲಿ ಹಾಗೆ ಮಾಡಿದರೆ ನಡೆಯುತ್ತದೆ ಅನ್ನುವುದು ಅವಳ ವಾದ. ದೊಡ್ಡ ಎರಡು ಅಂಕಿಗಳನ್ನು ಕಳೆದು ಉಳಿಯುವ ಪುಡಿಯೇ ಇಲ್ಲಿ ಉತ್ತರ, ಆ ಪುಡಿಯನ್ನೇ ಮೊದಲು ಗುಡಿಸಿ ಹಾಕಿದರೆ ಎಂತ ಉಳಿಯುತ್ತದೆ? ಇದನ್ನು ಒಪ್ಪಲು ಅವಳಿಗೆ ಸಮಯ ಹಿಡಿಯಿತು.

ಏನಾಯಿತು

ಪಾಠ ಮುಗಿಯುವ ಹೊತ್ತಿಗೆ ಅವಳು ಒಂದು ಹೊಸ ವಿಷಯ ತಂದಳು. ದೊಡ್ಡಮ್ಮನಿಗೆ ಆಸ್ಪತ್ರೆಯಲ್ಲಿ ಪೆಟ್ ಸ್ಕ್ಯಾನ್ ಮಾಡಿಸಿದ್ದರು. "ಅದರಲ್ಲಿ ಪಾಸಿಟ್ರಾನ್ ಅಂತ ಉಂಟಂತೆ ಸರ್. ಅಲ್ಲಿ ಪೂರ್ತಿ ಎಂ ಹೋಗ್ತದಾ?"

ಹೋಗುತ್ತದೆ. ಸಕ್ಕರೆಯಂಥ ಪದಾರ್ಥಕ್ಕೆ ಫ್ಲೋರಿನ್-18 ಸೇರಿಸಿ ರಕ್ತನಾಳಕ್ಕೆ ಕೊಡುತ್ತಾರೆ. ಪಾಸಿಟ್ರಾನ್ ಅಂದರೆ ಎಲೆಕ್ಟ್ರಾನಿನಷ್ಟೇ ದ್ರವ್ಯರಾಶಿಯ, ಧನ ವಿದ್ಯುದಂಶದ ಕಣ. ಫ್ಲೋರಿನ್‌ನಿಂದ ಹೊರಟ ಪಾಸಿಟ್ರಾನ್ ದೇಹದ ಒಂದು ಎಲೆಕ್ಟ್ರಾನನ್ನು ಸೇರಿದಾಗ ಎರಡೂ ಇಲ್ಲವಾಗುತ್ತವೆ. ವಿರುದ್ಧ ದಿಕ್ಕಿಗೆ ಎರಡು ಗಾಮಾ ಕಿರಣ ಹೊರಡುತ್ತವೆ, ಯಂತ್ರ ಹಿಡಿಯುವುದು ಅವನ್ನೇ. ಲೆಕ್ಕ ಅವಳೇ ಮಾಡಿದಳು. ಎಲೆಕ್ಟ್ರಾನ್ ದ್ರವ್ಯರಾಶಿ 9.11×10⁻³¹ ಕಿಲೋಗ್ರಾಂ. 9×10¹⁶ರಿಂದ ಗುಣಿಸಿದರೆ 8.2×10⁻¹⁴ ಜೂಲ್. ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗೆ ತಂದಾಗ 512 ಬಂತು. ಪುಸ್ತಕದಲ್ಲಿ 511 ಇದೆ.

"ಇದು ಸಿ 3 ಅಂತ ಹಾಕಿದ್ದಕ್ಕೆ ಅಲ್ವಾ? 931ರ ಬದಲು 933 ಬಂದ ಹಾಗೆ" ಅಂದಳು.

ಅದು ಹೌದು. ಒಂದು ಪರಮಾಣು ಮಾನಕ್ಕೆ 1.66, 3 ಮತ್ತು 1.6 ಹಾಕಿ ಲೆಕ್ಕ ಮಾಡಿದರೆ 931.5 ಬರುವುದಿಲ್ಲ, 933.75 ಬರುತ್ತದೆ. ಬೆಳಕಿನ ನಿಜವಾದ ವೇಗ ಸೆಕೆಂಡಿಗೆ 29,97,92,458 ಮೀಟರ್, 3×10⁸ಕ್ಕಿಂತ ಸ್ವಲ್ಪ ಕಡಿಮೆ. ಉಳಿದ ಎರಡು ಅಂಕಿಗಳೂ ಸ್ವಲ್ಪ ಕತ್ತರಿಸಿದವು. ಈ ಎರಡು ಅಂಕಿಯ ವ್ಯತ್ಯಾಸ ಕಂಡು ಇಡೀ ಲೆಕ್ಕ ಹೊಡೆದುಹಾಕುವ ಮಕ್ಕಳನ್ನು ನೋಡಿದ್ದೇನೆ. ಸಾವಿರ ಪಟ್ಟು ತಪ್ಪನ್ನು ನೋಡದೆ ದಾಟುತ್ತಿದ್ದವಳು ಈಗ 511, 512ರ ನಡುವಿನ ವ್ಯತ್ಯಾಸಕ್ಕೆ ಕಾರಣ ಹೇಳುತ್ತಿದ್ದಳು. ವಾರ್ಷಿಕ ಪರೀಕ್ಷೆಯಲ್ಲಿ ಈ ಪಾಠದ ಲೆಕ್ಕವನ್ನು ಸರಿ ಮಾಡಿ ಬಂದಳು. ಎಂಇವಿಯನ್ನು ಜೂಲ್‌ಗೆ ತರುವಾಗ ಮಾತ್ರ ಕೊನೆಯವರೆಗೂ ಗುಣಿಸುವುದಾ ಭಾಗಿಸುವುದಾ ಅಂತ ಅನುಮಾನ ಉಳಿದಿತ್ತು.

ಪಾಠ ಮಾಡುವವರಿಗೆ ಇದರಿಂದ ಎರಡು ವಿಷಯ ಹೇಳಬಹುದು. ಭಾಷೆ, ಗಣಿತ ಅಂತ ಕಾರಣ ಹಚ್ಚುವ ಮೊದಲು ಎರಡನ್ನೂ ಬೇರೆ ಬೇರೆ ಮಾಡಿ ನೋಡಿ, ಹತ್ತು ನಿಮಿಷದ ಕೆಲಸ. ಮತ್ತೆ, 9×10¹³ ಸರಿ ಬಂದ ಕೂಡಲೇ ಟಿಕ್ ಹಾಕಿ ಮುಂದೆ ಹೋಗಬೇಡಿ. ಆ ಒಂದು ಗ್ರಾಂ ಎಲ್ಲಿ ಹೋಯಿತು ಅಂತ ಕೇಳಿ. ಕೈಗಾದ ಪ್ರಶ್ನೆಯನ್ನು ಅವಳು ತಾನಾಗಿ ಕೇಳಿದ್ದಕ್ಕೆ ತಪ್ಪು ಹೊರಬಂತು. ಕೇಳದೆ ಪಾಸಾದವರು ಎಷ್ಟು ಜನ ಇರಬಹುದು?

ಈಗ ನನ್ನ ಟ್ಯೂಶನ್‌ನಲ್ಲಿ 1 ಗ್ರಾಂ ಲೆಕ್ಕದ ಕೆಳಗೆ ಇನ್ನೊಂದು ಪ್ರಶ್ನೆ ಇರುತ್ತದೆ. ಮನೆಯ 14.2 ಕಿಲೋ ಗ್ಯಾಸ್ ಸಿಲಿಂಡರ್ ಪೂರ್ತಿ ಉರಿದರೆ ದ್ರವ್ಯರಾಶಿ ಎಷ್ಟು ಕಡಿಮೆಯಾಗುತ್ತದೆ? 1 ಕಿಲೋ ಗ್ಯಾಸಿಗೆ ಸುಮಾರು 46 ಮೆಗಾಜೂಲ್ ಅಂತ ಕೊಟ್ಟಿರುತ್ತೇನೆ. ಒಟ್ಟು 6.5×10⁸ ಜೂಲ್, ಸಿ²ನಿಂದ ಭಾಗಿಸಿದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ 7 ಭಾಗ. ಕೆಲವರು 14.2 ಕಿಲೋ ಅಂತ ಬರೆಯುತ್ತಾರೆ, ಸಿಲಿಂಡರ್ ಖಾಲಿಯಾಯಿತಲ್ಲ ಅನ್ನುವ ಲೆಕ್ಕದಲ್ಲಿ. ಇನ್ನು ಕೆಲವರು ಸೊನ್ನೆ ಅಂತ ಬರೆದು, ಕೆಮಿಸ್ಟ್ರಿ ಸರ್ ಹಾಗೇ ಹೇಳಿದ್ದಾರೆ ಅಂತ ಜಗಳಕ್ಕೇ ಬರುತ್ತಾರೆ. ಆ ಜಗಳಕ್ಕೆ ಒಂದು ಇಡೀ ಸಂಜೆ ಬೇಕಾಗುತ್ತದೆ.